ಬೆಕ್ಕಿಗೆ ಗ್ರೇನ್-ಫ್ರೀ ವೆಟ್ ಫುಡ್: ಯಾವ್ದು ತರಬೇಕು, ಯಾವ್ದು ಅಂಗಡ್ಯಾಗ ಬಿಟ್ಟು ಬರಬೇಕು

"ಗ್ರೇನ್-ಫ್ರೀದಾಗ ಯಾವ್ದು ಛಲೋ ಐತ್ರೀ" ಅಂತ ಕೇಳೋರು ಈಗ ಹುಬ್ಬಳ್ಳಿ-ಧಾರವಾಡದಾಗೂ ಭಾಳ ಮಂದಿ ಆಗ್ಯಾರ. ಗ್ರೇನ್-ಫ್ರೀ ವೆಟ್ ಫುಡ್ ಅಂದ್ರ ಗೋಧಿ, ಅಕ್ಕಿಯಂಥಾ ಧಾನ್ಯ ಹಾಕದ, ಪೌಚ್-ಡಬ್ಬಿಯೊಳಗ ಬರೂ ನೀರಿನ ಅಂಶದ ಮೆತ್ತನ್ನ ಫುಡ್. ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರ ಕಡೆ ಪೆಟ್ ಶಾಪಿಗೆ ಹೋದ್ರ ಒಂದ್ ಗ್ವಾಡಿ ತುಂಬ ಪೌಚ್ ಜೋತು ಬಿಟ್ಟಿರ್ತಾರ, ಆನ್‌ಲೈನ್ ತಗದ್ರ ಅದರ ಹತ್ತ್ ಪಟ್ಟು. ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೇನಿ, ಗ್ರೇನ್ ಐತೋ ಇಲ್ಲೋ ಅನ್ನೂದು ಎರಡನೇ ಪ್ರಶ್ನೆ. ಮೊದಲನೇದು, ಆ ಪೌಚಿನ ಹಿಂದ 'ಕಂಪ್ಲೀಟ್' ಅಂತ ಬರದಾರೋ 'ಕಾಂಪ್ಲಿಮೆಂಟರಿ' ಅಂತ ಬರದಾರೋ. ಕಂಪ್ಲೀಟ್ ಅಂದ್ರ ಅದೊಂದನ್ನ ತಿಂದು ಬೆಕ್ಕು ಬದುಕಬಹುದು, ಜೀವಸತ್ವ, ಖನಿಜ, ಟಾರಿನ್ ಎಲ್ಲಾ ಅಳತಿಗೆ ತಕ್ಕಂಗ ಹಾಕಿರ್ತಾರ. ಕಾಂಪ್ಲಿಮೆಂಟರಿ ಅಂದ್ರ ಊಟದ ಜೋಡಿ ನಂಜ್ಕೊಳ್ಳಾಕ ಕೊಡೂದು, ಅಷ್ಟ. ಇದೊಂದು ನೋಡಿದ್ರನ ಅಂಗಡ್ಯಾಗಿನ ಗ್ರೇನ್-ಫ್ರೀ ಡಬ್ಬಿಯೊಳಗ ಎಷ್ಟೋ ಡಬ್ಬಿ ಪಕ್ಕಕ್ಕ ಸರೀತಾವ.

ಯಾಕಂದ್ರ ಗ್ರೇನ್-ಫ್ರೀ ಅಂತ ಭಾಳ ದೊಡ್ಡ ಅಕ್ಷರದಾಗ ಬರಕೊಂಡ ಬರೂ ಮಾಲು ಯಾವ್ದು ನೋಡ್ರಿ, ಚಿಕನ್ ಬ್ರೆಸ್ಟ್ ಇನ್ ಬ್ರಾತ್, ಟ್ಯೂನಾ ಫಿಲೆಟ್ ಅಂತ ಇರ್ತಾವಲ್ಲ ಅವು. ತಗದು ನೋಡಿದ್ರ ಖರೇನ ಮೀನಿನ ಎಳಿ ಎಳಿ ಕಾಣಸ್ತೈತಿ, ನೀರು, ಮೀನು, ಅಷ್ಟ, ಮನಷಾರೂ ತಿನ್ನಬಹುದು ಅನ್ನೂವಂಗ. ಆದ್ರ ಇವುಗಳೊಳಗ ಭಾಳಷ್ಟು ಕಾಂಪ್ಲಿಮೆಂಟರಿ. ಆಪ್ಲಾಸ್ ಅಂತ ಇಂಗ್ಲೆಂಡಿಂದು ಬರ್ತೈತಲ್ಲ, ಅದರ ಡಬ್ಬಿ ಬಹುತೇಕ ಕಾಂಪ್ಲಿಮೆಂಟರಿನ, ಅವ್ರು ಮುಚ್ಚಿಟ್ಟಿಲ್ಲ, ಡಬ್ಬಿ ಮ್ಯಾಲ ಬರದಾರ, ನಾವು ಓದಂಗಿಲ್ಲ ಅಷ್ಟ. ಟ್ಯೂಬಿನ್ಯಾಗ ಬರೂ ಕ್ರೀಮಿ ಟ್ರೀಟೂ ಹಂಗ. ಬೆಕ್ಕು ಅದಕ್ಕ ಎಷ್ಟು ಹುಚ್ಚಾಗ್ತೈತಿ ಅಂದ್ರ ಮಂದಿ ಅದನ್ನ ಊಟ ಅಂತನ ತಿಳಕೊಂಡ್ ಬಿಡ್ತಾರ. ದಿನಕ್ಕ ಒಂದ್ ಕೊಡ್ರಿ, ಬ್ಯಾಡ ಅನ್ನಂಗಿಲ್ಲ, ಊಟದ ಬದ್ಲಿ ಮಾತ್ರ ಕೊಡಬ್ಯಾಡ್ರಿ.

ಟಾರಿನ್ ಅಂದೆ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಾಯಿ, ಮನಷಾ ಇವ್ರು ಟಾರಿನ್ ಅನ್ನೂ ಅಂಶಾನ ಮೈಯಾಗನ ತಯಾರ ಮಾಡ್ಕೋತಾರ, ಬೆಕ್ಕಿಗೆ ಅದು ಸಾಕಾಗೂ ಅಷ್ಟು ಆಗಂಗಿಲ್ಲ, ಮಾಂಸದಿಂದನ ಸಿಗಬೇಕು. ಕಮ್ಮಿ ಬಿದ್ರ ಕಣ್ಣಿನ ರೆಟಿನಾ ಹಾಳಾಕ್ಕೈತಿ, ಹೃದಯದ ಸ್ನಾಯು ಸಡಲಾಗಿ ದೊಡ್ಡದಾಕ್ಕೈತಿ. 1987ರಾಗ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ಇದನ್ನ ತೋರಿಸಿಕೊಟ್ರು, ಅದೂ ಎಂಥಾ ಬೆಕ್ಕಿನ್ಯಾಗ, ಕಂಪನಿ ಫುಡ್ ತಿನ್ನೂ ಬೆಕ್ಕಿನ್ಯಾಗ. ಟಾರಿನ್ ಕೊಟ್ಟ ಮ್ಯಾಲ ಭಾಳ ಬೆಕ್ಕು ಸುಧಾರಿಸಿದ್ವು, ಆವಾಗಿಂದ ಕಂಪನಿಗೋಳು ಟಾರಿನ್ ಜಾಸ್ತಿ ಹಾಕಾಕ ಶುರು ಮಾಡಿದ್ರು. ಅಮೆರಿಕಾದಾಗ ಪ್ರಾಣಿ ಆಹಾರಕ್ಕ ಅಳತಿ ಹಾಕಿಕೊಡೂ ಆಫ್ಕೋ (AAFCO) ಅನ್ನೂ ಸಂಸ್ಥೆಯ ಪ್ರಕಾರ ನೀರಿನ ಅಂಶ ತಗದ ಮ್ಯಾಲ ಡಬ್ಬಿ ಫುಡ್‌ದಾಗ ಕಮ್ಮಿತಕಮ್ಮಿ 0.2 ಪರ್ಸೆಂಟ್ ಇರಬೇಕು, ಒಣಾ ಫುಡ್‌ದಾಗ 0.1. ಪೌಚಿನ ಹಿಂದ ಆಫ್ಕೋ ಅಂತರ ಇರಲಿ, ಯುರೋಪಿನ ಪೆಟ್ ಫುಡ್ ಕಂಪನಿಗಳ ಒಕ್ಕೂಟ ಫೆಡಿಯಾಫ್ (FEDIAF) ಅಂತರ ಇರಲಿ, ಎರಡರಾಗ ಒಂದರ ಹೆಸರು ಮತ್ತ ಎಂಥಾ ವಯಸ್ಸಿಗೆ ಅಂತ ಬರದಿರಬೇಕು. ಆಫ್ಕೋ ಯಾರಿಗೂ ಸರ್ಟಿಫಿಕೇಟ್ ಕೊಡಂಗಿಲ್ಲ, ಅಳತಿ ಅಷ್ಟ ಹಾಕಿಕೊಡ್ತೈತಿ, ಅದಕ್ಕ 'ಆಫ್ಕೋ ಅಪ್ರೂವ್ಡ್' ಅಂತ ಯಾರರ ಹೇಳಿದ್ರ ನಕ್ಕು ಬಿಡ್ರಿ. ಮರಿ ಇದ್ರ, ಬಸರಿ ಬೆಕ್ಕಿದ್ರ 'ಗ್ರೋತ್' ಅಥವಾ 'ಆಲ್ ಲೈಫ್ ಸ್ಟೇಜಸ್' ಅಂತ ಇರೂದನ್ನ ತಗೋರಿ. ಬರೇ 'ಅಡಲ್ಟ್' ಅಂತ ಇರೂದು ಮರಿಗೆ ಸಾಲಂಗಿಲ್ಲ.

ಈಗ ಗ್ರೇನ್ ವಿಷಯಕ್ಕ ಬರೂಣು. ಗ್ರೇನ್ ಅಂದ್ರ ಗೋಧಿ, ಅಕ್ಕಿ, ಗೋವಿನಜೋಳ, ಓಟ್ಸ್, ಬಾರ್ಲಿ, ನಮ್ಮ ಬಿಳಿ ಜ್ವಾಳಾನೂ ಬಂತು. ಹಾವೇರಿ ಕಡೆ ಮಳಿಗಾಲದಾಗ ಹೋದ್ರ ರಸ್ತಾದ ಎರಡೂ ಬಾಜೂ ಗೋವಿನಜೋಳನ ಕಾಣಸ್ತೈತಿ, ಆ ಬೆಳಿ ಎಲ್ಲಾ ಎಲ್ಲಿ ಹೋಕ್ಕೈತಿ ಅಂದ್ರ ಕೋಳಿ, ದನದ ಫೀಡಿಗೆ, ಸ್ಟಾರ್ಚಿಗೆ, ಬೆಕ್ಕು-ನಾಯಿ ಒಣಾ ಫುಡ್‌ದಾಗೂ ಗೋವಿನಜೋಳ ಭಾಳ ಚಾಲ್ತಿ, ಸೋವಿ ಸಿಗ್ತೈತಿ, ಹೊಟ್ಟಿ ತುಂಬಸ್ತೈತಿ. ಹಂಗಂತ ಬೇಯಿಸಿದ ಕಾಳು ಬೆಕ್ಕಿಗೆ ವಿಷ ಅಲ್ಲ, ಸ್ವಲ್ಪ ಇದ್ರ ಅರಗಸ್ಕೋತೈತಿ. ಅಲರ್ಜಿ ಅಂತ ಗ್ರೇನ್ ಬಿಡಸೋರು ಭಾಳ ಮಂದಿ, ಆದ್ರ ಬೆಕ್ಕಿನ್ಯಾಗ ಆಹಾರದ ಅಲರ್ಜಿ ಕಂಡಾಗ ಮೊದ್ಲ ಸಾಲಿನ್ಯಾಗ ಬರೂದು ದನದ ಮಾಂಸ, ಮೀನು, ಚಿಕನ್, ಗೋಧಿ ಗೋವಿನಜೋಳ ಹಿಂದ ನಿಂದರ್ತಾವ. ತುರಿಕಿ, ಕೂದ್ಲ ಉದರೂದು ಅಂತ ಚಿಕನ್ ಗ್ರೇನ್-ಫ್ರೀ ತಂದು ಹಾಕಿದ್ರ, ಚಿಕನ್ನಿಗೇ ಅಲರ್ಜಿ ಇದ್ದ ಬೆಕ್ಕಿಗೆ ಏನೂ ಫಾಯದೆ ಆಗಂಗಿಲ್ಲ. ಮೊದ್ಲ ಚಿಗಟ ನೋಡ್ರಿ, ನಮ್ಮ ಕಡೆ ಅರ್ಧ ತುರಿಕಿ ಅಲ್ಲೇ ಇರ್ತೈತಿ.

ಮತ್ತ ಗ್ರೇನ್ ಇಲ್ಲ ಅಂದ್ರ ಪಿಷ್ಟ ಇಲ್ಲ ಅಂತಲ್ಲ. ಒಣಾ ಕಾಳಿನಂಥಾ ಫುಡ್ ಐತಲ್ಲ, ಅದನ್ನ ಮಷಿನ್ಯಾಗ ಒತ್ತಿ ಉಬ್ಬಿಸಿ ಆಕಾರ ಕೊಡಬೇಕಂದ್ರ ಪಿಷ್ಟ ಬೇಕಾ ಬೇಕು. ಗ್ರೇನ್ ತಗದ್ರ ಬಟಾಟಿ, ಬಟಾಣಿ, ಮಸೂರಿ, ಟಪಿಯೋಕಾ ಹಾಕ್ತಾರ. ಫಾರ್ಮಿನಾ ಎನ್ ಅಂಡ್ ಡಿ ಅನ್ನೂ ಬ್ರ್ಯಾಂಡ್ ಉದಾಹರಣೆಗೆ ನೋಡ್ರಿ, ಪ್ರೈಮ್ ಅಂತ ಇರೂದು ಗ್ರೇನ್-ಫ್ರೀ, ಅದರ ಮಗ್ಗಲನ ಆನ್ಸೆಸ್ಟ್ರಲ್ ಗ್ರೇನ್ ಅಂತ ಇರ್ತೈತಿ, ಅದರಾಗ ಸ್ಪೆಲ್ಟ್ ಗೋಧಿ, ಓಟ್ಸ್ ಇರ್ತಾವ, ಹೆಸರು ಒಂದ, ಪಾಕೀಟ ಬ್ಯಾರೆ, ಗಡಿಬಿಡಿಯೊಳಗ ತಗೊಂಡ್ ಬಂದ್ರ ಗೊತ್ತಾಗಂಗಿಲ್ಲ. ವೆಟ್ ಫುಡ್ಡಿಗೆ ಈ ತೊಂದರಿ ಇಲ್ಲ. ಡಬ್ಬಿಯೊಳಗ ಬೇಯಿಸಿ ಸೀಲ್ ಮಾಡೂದು, ಆಕಾರಕ್ಕ ಪಿಷ್ಟ ಬೇಕಾಗಿಲ್ಲ. ಅದಕ್ಕ ನನಗ ಕೇಳಿದ್ರ, ತುಟ್ಟಿ ಗ್ರೇನ್-ಫ್ರೀ ಒಣಾ ಫುಡ್ಡಿಗಿಂತ ಸಾದಾ ಕಂಪ್ಲೀಟ್ ವೆಟ್ ಫುಡ್ ಎಷ್ಟೋ ಸಲ ಬೆಕ್ಕಿನ ಮೈಗೆ ಹತ್ತಿರ ಇರ್ತೈತಿ.

ನೀರಿಂದು ಇನ್ನೂ ದೊಡ್ಡ ಮಾತು. ಬೆಕ್ಕಿನ ಮೂಲಪುರುಷ ಆಫ್ರಿಕಾದ ಕಾಡುಬೆಕ್ಕು, ಒಣಾ ಸೀಮಿಯ ಪ್ರಾಣಿ, ತಿನ್ನೂ ಇಲಿಯೊಳಗಿನ ನೀರಿನ್ಯಾಗನ ಅದರ ಜೀವನ ನಡೀತಿತ್ತು. ಅದಕ್ಕ ಬೆಕ್ಕಿಗೆ ನೀರಡಿಕಿ ಕಮ್ಮಿ. ಒಣಾ ಫುಡ್‌ದಾಗ ನೀರು ಹತ್ತು ಪರ್ಸೆಂಟ್ ಆಜೂಬಾಜೂ, ವೆಟ್‌ದಾಗ 75ರಿಂದ 82ರ ತನ. ಏಪ್ರಿಲ್-ಮೇ ಬಿಸಲಿನ್ಯಾಗ ಗಂಡು ಬೆಕ್ಕಿಗೆ ಮೂತ್ರ ಕಟ್ಟಿ ಡಾಕ್ಟರ್ ಕಡೆ ಓಡೂದು ಗೊತ್ತಿದ್ದವರಿಗೆ ಈ ಅಂಕಿ ಬಿಡಿಸಿ ಹೇಳೂದ ಬ್ಯಾಡ. ಗಂಡು ಬೆಕ್ಕು ತಾಸಿಗೊಮ್ಮೆ ಮರಳಿನ ಟ್ರೇದಾಗ ಕುಂತು ಏನೂ ಬರಲಿಲ್ಲ ಅಂದ್ರ ಫುಡ್ ಬದಲಿ ಮಾಡೂದಲ್ಲ, ಅವತ್ತ ಡಾಕ್ಟರಿಗೆ ತೋರಸ್ರಿ, ರಾತ್ರಿ ಕಳೀಲಿ ಅಂತ ಕಾಯಬ್ಯಾಡ್ರಿ.

ಇರಲಿ, ಈಗ ಪೌಚ್ ತಿರುವಿ ಲೆಕ್ಕಾ ಮಾಡೂಣು, ಇದು ಬರೂದಿಲ್ಲ ಅಂದ್ರ ಹೋಲಿಕಿನ ಆಗಂಗಿಲ್ಲ. ಹಿಂದಿನ ಬಾಜೂ ಪ್ರೋಟೀನ್, ಫ್ಯಾಟ್, ಫೈಬರ್, ಮಾಯಿಶ್ಚರ್ ಅಂತ ಸಣ್ಣ ಪಟ್ಟಿ ಇರ್ತೈತಿ, ಕೆಲವೊಂದ್ರಾಗ ಆಶ್, ಅಂದ್ರ ಸುಟ್ಟ ಮ್ಯಾಲ ಉಳಿಯೂ ಖನಿಜದ ಬೂದಿ, ಅಂತನೂ ಇರ್ತೈತಿ, ಇಲ್ಲಾಂದ್ರ ವೆಟ್ಟಿಗೆ 2 ಅಂತ ಹಿಡೀರಿ. ಇವೆಲ್ಲಾ ಕೂಡಿಸಿ ನೂರರಾಗ ಕಳೀರಿ, ಉಳದಿದ್ದು ಪಿಷ್ಟ, ಅಂದ್ರ ಕಾರ್ಬ್. ಒಂದ್ ಪೌಚ್ ಹಿಡಕೊಳ್ರಿ, ಪ್ರೋಟೀನ್ 10, ಫ್ಯಾಟ್ 3, ಫೈಬರ್ 1, ನೀರು 82, ಆಶ್ 2, ಒಟ್ಟು 98, ಕಾರ್ಬ್ 2. ನೀರು ಬಿಟ್ರ ಒಳಗ ಇರೂ ಮಾಲು 18, ಆ 18ರಾಗ ಪ್ರೋಟೀನ್ 10, ಅಂದ್ರ 56 ಪರ್ಸೆಂಟ್, ಕಾರ್ಬ್ 11 ಪರ್ಸೆಂಟ್. ಅದರ ಮಗ್ಗಲಿನ ಪೌಚಿನ್ಯಾಗ ಎಲ್ಲಾ ಅದ ಇದ್ದು ಪ್ರೋಟೀನ್ ಅಷ್ಟ 7 ಅಂತ ಇದ್ರ? ಮೂರ ಅಂಕಿ ವ್ಯತ್ಯಾಸ ಅಂತ ಅನಸ್ತೈತಿ, ಆದ್ರ ಲೆಕ್ಕಾ ಹಾಕಿದ್ರ ಪ್ರೋಟೀನ್ 39ಕ್ಕ ಇಳೀತು, ಕಾರ್ಬ್ 28ಕ್ಕ ಏರ್ತು. ಒಣಾ ಫುಡ್ ಪ್ರೋಟೀನ್ 32, ಫ್ಯಾಟ್ 10, ಫೈಬರ್ 4, ನೀರು 10, ಆಶ್ 8 ಇದ್ರ ಕಾರ್ಬ್ 36, ನೀರು ತಗದು ನೋಡಿದ್ರ 40 ಪರ್ಸೆಂಟ್. ಪಾಕೀಟ ಮ್ಯಾಲ 32 ಅಂತ ಇದ್ದದ್ದು 10ಕ್ಕಿಂತ ದೊಡ್ಡದು ಅಂತ ಒಣಾ ಫುಡ್ ತಗೊಳ್ಳೋರು ಇಲ್ಲೇ ಮೋಸ ಹೋಗೂದು. ಪ್ರೋಟೀನ್ ಅಂಕಿ ಕಮ್ಮಿತಕಮ್ಮಿ ಎಷ್ಟು ಅಂತ, ನೀರಿಂದು ಜಾಸ್ತಿತಜಾಸ್ತಿ ಎಷ್ಟು ಅಂತ ಹಾಕಿರ್ತಾರ, ಅದಕ್ಕ ಇದು ಅಂದಾಜಿನ ಲೆಕ್ಕಾ, ಅಂಗಡ್ಯಾಗ ನಿಂತು ಎರಡರಾಗ ಒಂದ್ ಆರಿಸಾಕ ಸಾಕು. ನೀರು ತಗದ ಲೆಕ್ಕದಾಗ ನಾನು ಪ್ರೋಟೀನ್ 45ರ ಮ್ಯಾಲ, ಕಾರ್ಬ್ 15ರೊಳಗ ಇದ್ರ ಛಲೋ ಅಂತೇನಿ. ಆಫ್ಕೋ ದೊಡ್ಡ ಬೆಕ್ಕಿಗೆ 26, ಮರಿಗೆ 30 ಪರ್ಸೆಂಟ್ ಪ್ರೋಟೀನ್ ಕಮ್ಮಿತಕಮ್ಮಿ ಅಂತೈತಿ, ಅದು ಪಾಸ್ ಆಗೂ ಮಾರ್ಕ್ಸ್ ಅಷ್ಟ.

ಈ ಲೆಕ್ಕಾ ಕೈಯಾಗ ಇಟ್ಕೊಂಡು ಗ್ರೇವಿ, ಜೆಲ್ಲಿ, ಪಾಟೆ ಮೂರನ್ನೂ ನೋಡ್ರಿ. ಗ್ರೇವಿ ಸೋವಿ, ಎಲ್ಲಾ ಕಡೆ ಸಿಗ್ತೈತಿ, ಬೆಕ್ಕಿಗೂ ಪಸಂದ, ಆದ್ರ ಆ ಗ್ರೇವಿ ದಪ್ಪ ಆಗಬೇಕಂದ್ರ ಗೋಧಿ ಹಿಟ್ಟರ ಬೇಕು, ಇಲ್ಲಾ ಟಪಿಯೋಕಾ, ಇಲ್ಲಾ ಮಾಡಿಫೈಡ್ ಸ್ಟಾರ್ಚ್. ಅದರೊಳಗಿನ ಮೆತ್ತನ್ನ ಚೌಕ ತುಂಡು ಎಷ್ಟೋ ಸಲ ಮಾಂಸದ ತುಂಡ ಅಲ್ಲ, ಅರದ ಮಾಂಸಕ್ಕ ವೀಟ್ ಗ್ಲೂಟನ್, ಅಂದ್ರ ಗೋಧಿಯ ಅಂಟು, ಕೂಡಿಸಿ ಕತ್ತರಿಸಿದ್ದು. ಗ್ಲೂಟನ್ನೂ ಪ್ರೋಟೀನ್ನ, ಲೆಕ್ಕದಾಗ ಅದೂ ಕೂಡತೈತಿ, ಮಾಂಸದ ಪ್ರೋಟೀನ್ ಮಾತ್ರ ಅಲ್ಲ. ಗ್ರೇನ್ ಬಿಡಬೇಕು ಅನ್ನೋರು ಈ ಶಬ್ದ ಹುಡುಕಬೇಕು, ಮುಂದಿನ ಚಿತ್ರ ನೋಡೂದಲ್ಲ. ಜೆಲ್ಲಿದಾಗ ಸಾಮಾನ್ಯವಾಗಿ ಪಿಷ್ಟ ಕಮ್ಮಿ, ಗಟ್ಟಿ ಮಾಡಾಕ ಗೋಂದು ಹಾಕ್ತಾರ, ಕ್ಯಾರಗೀನನ್, ಗವಾರ್ ಗಮ್, ಕ್ಯಾಸಿಯಾ. ಗವಾರ್ ಗಮ್ ಅಂದ್ರ ಹೆದರಬ್ಯಾಡ್ರಿ, ನಮ್ಮ ಚವಳಿಕಾಯಿ ಬೀಜದಿಂದ ತಗದ ಗೋಂದು ಅದು. ಕೆಲವು ಬೆಕ್ಕಿಗೆ ಗೋಂದು ಜಾಸ್ತಿ ಆದ್ರ ಕಕ್ಕಸ ಸಡಲ ಆಕ್ಕೈತಿ, ಅಂಥಾದಕ್ಕ ಬ್ಯಾರೆ ನೋಡ್ರಿ. ಪಾಟೆ, ಮೂಸ್, ಲೋಫ್ ಅಂತಾರಲ್ಲ, ನುಣ್ಣಗ ಅರದ ಮುದ್ದಿ, ನೋಡಾಕ ಚಂದ ಇಲ್ಲ ಖರೇ, ಗ್ರೇನ್-ಫ್ರೀ ಮತ್ತ ಕಂಪ್ಲೀಟ್ ಎರಡೂ ಒಂದ ಡಬ್ಬಿಯೊಳಗ ಸಿಗೂ ಸಾಧ್ಯತಾ ಇದರಾಗನ ಜಾಸ್ತಿ. ಮುದಿ ಬೆಕ್ಕಿಗೆ, ಹಲ್ಲು ಹಾಳಾದ ಬೆಕ್ಕಿಗೆ, ಹಾಲು ಬಿಡೂ ಮರಿಗೆ ನಾನು ಕಣ್ಣು ಮುಚ್ಚಿ ಇದನ್ನ ಹೇಳ್ತೇನಿ.

ಹೆಸರಿಂದೂ ಒಂದ್ ಆಟ ಐತಿ. 'ಟ್ಯೂನಾ ಫ್ಲೇವರ್' ಅಂದ್ರ ವಾಸನಿ ಬಂದ್ರ ಸಾಕು. 'ವಿತ್ ಟ್ಯೂನಾ' ಅಂದ್ರ ಅಮೆರಿಕಾದ ನಿಯಮದಾಗ 3 ಪರ್ಸೆಂಟ್, ಯುರೋಪಿನ್ಯಾಗ 4 ಪರ್ಸೆಂಟ್ ಇದ್ರ ಸಾಕು. ಉಳದದ್ದು ಯಾವ ಮಾಂಸ ಅಂತ ಇಂಗ್ರೀಡಿಯಂಟ್ಸ್ ಸಾಲಿನ್ಯಾಗ ನೋಡ್ರಿ, ತೂಕದ ಪ್ರಕಾರ ಮೊದ್ಲಿಂದ ಬರೀತಾರ. ಮೊದಲ ಎರಡು-ಮೂರರೊಳಗ ಹೆಸರಿರೂ ಮಾಂಸ ಬರಬೇಕು, ಚಿಕನ್, ಟರ್ಕಿ, ಚಿಕನ್ ಲಿವರ್, ಮ್ಯಾಕರೆಲ್ ಹಿಂಗ. ಲಿವರ್, ಹಾರ್ಟ್ ಕಂಡ್ರ ಮೂಗು ಮುರೀಬ್ಯಾಡ್ರಿ, ಬೆಕ್ಕಿಗೆ ಅವು ಬಂಗಾರ, ಹಾರ್ಟಿನ್ಯಾಗ ಟಾರಿನ್ ಭಾಳ. ಬಟಾಣಿ ಪ್ರೋಟೀನ್, ಬಟಾಣಿ ಪಿಷ್ಟ, ಬಟಾಣಿ ನಾರು ಅಂತ ಮೂರು ಕಡೆ ಚೂರು ಚೂರು ಬರದಿದ್ರ ಮೂರನ್ನೂ ಮನಸ್ಸಿನ್ಯಾಗ ಕೂಡಿಸಿ ನೋಡ್ರಿ, ಮ್ಯಾಲಿನ ಮಾಂಸಕ್ಕಿಂತ ಜಾಸ್ತಿ ಆದ್ರೂ ಆಗಿರಬಹುದು. ಇಷ್ಟು ಯಾಕ ಹೇಳ್ತೇನಿ ಅಂದ್ರ 2018ರಾಗ ಅಮೆರಿಕಾದ ಆಹಾರ-ಔಷಧಿ ಇಲಾಖೆ ಎಫ್‌ಡಿಎ ಬಟಾಣಿ, ಮಸೂರಿ, ಬಟಾಟಿ ತುಂಬಿದ ಫುಡ್ಡಿಗೂ ನಾಯಿಗಳ ಹೃದಯದ ರೋಗಕ್ಕೂ ಸಂಬಂಧ ಐತೇನು ಅಂತ ತನಿಖೆ ಶುರು ಮಾಡ್ತು, ಬಂದ ವರದಿಯೊಳಗ ನಾಯಿನ ಭಾಳ, ಬೆಕ್ಕು ಕಮ್ಮಿ, ಕಾರಣ ಇದ ಅಂತ ಖಚಿತ ಆಗ್ಲಿಲ್ಲ, 2022ರ ಡಿಸೆಂಬರದಾಗ ಹೊಸಾದ್ದೇನರ ಸಿಕ್ಕರ ಮಾತ್ರ ಮುಂದ ಹೇಳ್ತೇವಿ ಅಂತ ಬಿಟ್ರು. ಹಿಂಗಾಗಿ ಹೆದರಿ ಓಡೂದೂ ಬ್ಯಾಡ, ಗ್ರೇನ್-ಫ್ರೀ ಅಂದಕೂಡ್ಲೆ ಆರೋಗ್ಯ ಅಂತ ಕುಣಿಯೂದೂ ಬ್ಯಾಡ.

ಮನ್ಯಾಗ ಮಾಡಿ ಹಾಕಿದ್ರ ಹೆಂಗ ಅಂತ ಹಿರೇರು ಕೇಳ್ತಾರ. ಹಾಲಾಗ ರೊಟ್ಟಿ ಮುರದು ಹಾಕಿ ಬೆಳದ ಬೆಕ್ಕು ನಮ್ಮ ಕಡೆ ಸಾವಿರ ಅದಾವ, ನಮ್ಮವ್ವನೂ ಅದನ್ನ ಅಂತಾಳ, ಆದ್ರ ಆ ಬೆಕ್ಕು ಹಗಲೆಲ್ಲಾ ಹಿತ್ತಲದಾಗ ಇಲಿ, ಹಲ್ಲಿ, ಗುಬ್ಬಿ ತಿಂದು ತನ್ನ ಲೆಕ್ಕಾ ತಾನ ಸರಿ ಮಾಡ್ಕೋತಿತ್ತು. ಗೋಕುಲ ರೋಡಿನ ಅಪಾರ್ಟ್‌ಮೆಂಟಿನ ಮೂರನೇ ಮಜಲಾದಾಗ ಇರೂ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು. ದೊಡ್ಡ ಬೆಕ್ಕಿಗೆ ಹಾಲಿನ ಸಕ್ಕರಿ ಅಂಶ ಅರಗೂದೂ ಕಡಿಮಿನ. ಬರೇ ಬೇಯಿಸಿದ ಚಿಕನ್ ಹಾಕಿದ್ರ ಕ್ಯಾಲ್ಸಿಯಂ ಇರಂಗಿಲ್ಲ, ಮರಿ ಇದ್ರ ಎಲುಬು ಮೆತ್ತಗಾಗಿ ಕಾಲು ಡೊಂಕಾಕ್ಕಾವ. ಬೇಯಿಸಿದ ನೀರಿನ್ಯಾಗ ಟಾರಿನ್ ಇಳದು ಹೋಕ್ಕೈತಿ, ಅದನ್ನ ಚೆಲ್ಲಬ್ಯಾಡ್ರಿ, ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದ ನೀರು ಇದ್ರ ಊಟದ ಮ್ಯಾಲ ಸುರೀರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಾನ ಒಡೀತಾವ, ನಮ್ಮ ಸಾರಿನ ತುಂಡು ತೊಳದು ಕೊಟ್ರೂ ನಡಿಯಂಗಿಲ್ಲ. ಗಣೇಶಪೇಟಿಯೊಳಗ ಕಾರವಾರ, ಅಂಕೋಲಾ ಕಡಿಯಿಂದ ಬಂದ ಬಂಗಡಿ, ತಾರ್ಲಿ ತಂದು ದಿನಾ ಅದನ್ನ ಹಾಕೋರು ಅದಾರ, ಹಸಿ ಮೀನಿನ್ಯಾಗ ಬಿ1 ಜೀವಸತ್ವ ನಾಶ ಮಾಡೂ ಅಂಶ ಕೆಲವು ಜಾತಿಯೊಳಗ ಇರ್ತೈತಿ, ಬೇಯಿಸಿ ಕೊಡ್ರಿ, ಮುಳ್ಳು ತಗೀರಿ, ವಾರಕ್ಕ ಒಂದೆರಡು ಸಲಕ್ಕ ನಿಲ್ಲಸ್ರಿ. ಮನಿ ಅಡಗಿನ ಪೂರ್ತಿ ಊಟ ಆಗಬೇಕಂದ್ರ ಡಾಕ್ಟರ್ ಕಡಿಂದ ಅಳತಿ ಬರಸಿಕೊಂಡು ಟಾರಿನ್, ಕ್ಯಾಲ್ಸಿಯಂ ಕೂಡಸಬೇಕು.

ಶುದ್ಧ ಸಸ್ಯಾಹಾರಿ ಮನಿಯವ್ರ ಫಜೀತಿ ಬ್ಯಾರೆನ. "ಮನ್ಯಾಗ ಮೊಟ್ಟಿನೂ ತರಂಗಿಲ್ರಿ, ಬೆಕ್ಕಿಗೆ ವೆಜ್ ಫುಡ್ ಸಿಗ್ತೈತೇನ್ರಿ" ಅಂತ ಕೇಳೋ ಕಾಕಾರು, ವಹಿನಿಯವ್ರು ಮಾಳಮಡ್ಡಿಯಿಂದ ಹಿಡದು ಗದಗ ತನ ಎಲ್ಲಾ ಕಡೆ ಸಿಗ್ತಾರ. ಮಾಂಸ ಇಲ್ಲದ ಊಟದ ಮ್ಯಾಲ ಬೆಕ್ಕು ಇಡೂ ಆಸೆ ಬಿಡ್ರಿ, ಗಜ್ಜರಿಯೊಳಗಿನ ಕ್ಯಾರೊಟೀನ್ ಸುದ್ದಾ ಅದಕ್ಕ ಎ ಜೀವಸತ್ವ ಮಾಡ್ಕೊಳ್ಳಾಕ ಬರಂಗಿಲ್ಲ. ಇಂಥಾ ಮನಿಗೆ ಸೀಲ್ ಇರೂ ಪೌಚ್ ಬರೋಬರಿ ಆಕ್ಕೈತಿ, ಒಲಿ ಹಚ್ಚೂದಿಲ್ಲ, ಅಡಗಿಮನಿಗೆ ಹೋಗೂದಿಲ್ಲ, ಬಾಲ್ಕನ್ಯಾಗ ಅದರ ತಾಟು, ಅದರ ಚಮಚ ಬ್ಯಾರೆ ಇಟ್ರ ಮುಗೀತು. ವಾಸನಿ ಕಮ್ಮಿ ಬೇಕಂದ್ರ ಮೀನಿಂದು ಬಿಟ್ಟು ಚಿಕನ್ ಪಾಟೆ ತಗೋರಿ. ಉಳದ ಡಬ್ಬಿ ಫ್ರಿಜ್ಜಿನ್ಯಾಗ ಇಡೂ ಪ್ರಸಂಗನ ಬರಬಾರ್ದು ಅಂದ್ರ ಸಣ್ಣ ಪೌಚ್ ತಂದು ಒಂದ ಹೊತ್ತಿಗೆ ಖಾಲಿ ಮಾಡ್ರಿ.

ರೊಕ್ಕದ ಮಾತು. ನಾಕ್ ಕೆಜಿ ಬೆಕ್ಕಿಗೆ ದಿನಕ್ಕ 200ರಿಂದ 250 ಕ್ಯಾಲರಿ ಬೇಕು, ಮನ್ಯಾಗ ಮಲಗಿರೂ ಬೆಕ್ಕಿಗೆ 200 ಸಾಕು. 80 ಗ್ರಾಂ ಪೌಚಿನ್ಯಾಗ 70ರ ಆಜೂಬಾಜೂ ಕ್ಯಾಲರಿ ಇದ್ರ ದಿನಕ್ಕ ಮೂರು. ಒಂದಕ್ಕ 45 ರೂಪಾಯಿ ಹಿಡದ್ರ ತಿಂಗಳಿಗೆ 4,050. ಬ್ರಾತ್‌ದಾಗಿನ ಫಿಲೆಟ್ ಡಬ್ಬಿಯೊಳಗ ಕ್ಯಾಲರಿ ಇದರ ಅರ್ಧಾ ಇರೂದೂ ಉಂಟು, ದರ ಡಬಲ್, ಹೊಟ್ಟಿ ತುಂಬಬೇಕಂದ್ರ ಐದಾರು ಡಬ್ಬಿ ಒಡೀಬೇಕು, ಅದೂ ಕಾಂಪ್ಲಿಮೆಂಟರಿ. ಅದಕ್ಕ ಒಂದ್ ಪೌಚ್ ಎಷ್ಟಕ್ಕ ಅಂತ ಕೇಳಬ್ಯಾಡ್ರಿ, ನೂರು ಕ್ಯಾಲರಿ ಎಷ್ಟಕ್ಕ ಬೀಳ್ತೈತಿ ಅಂತ ನೋಡ್ರಿ. ಸಂಬಳದ ಮಂದಿಗೆ ಪೂರ್ತಿ ವೆಟ್ ಎಲ್ಲಾರಿಗೂ ಆಗೂ ಮಾತಲ್ಲ. ದಿನಕ್ಕ ಒಂದ್ ಕಂಪ್ಲೀಟ್ ಪೌಚ್, ಜೋಡಿ 35 ಗ್ರಾಂ ಛಲೋ ಒಣಾ ಫುಡ್, ಇಷ್ಟಾದ್ರ 200 ಕ್ಯಾಲರಿ ಆತು, ಪೌಚಿಗೆ ಒಂದೆರಡು ಚಮಚ ಬೆಚ್ಚನ್ನ ನೀರು ಕಲಸ್ರಿ. ನನ್ನ ಮಟ್ಟಿಗೆ ಹುಬ್ಬಳ್ಳಿಯೊಳಗ ಹೆಚ್ಚಿನ ಮನಿಗೆ ಹೊಂದೂದು ಇದ, ಗ್ರೇನ್-ಫ್ರೀ ಡಬ್ಬಿ ವಾರಕ್ಕೊಮ್ಮೆ ತಂದು ಉಳದ ದಿನ ಬರೇ ಸೋವಿ ಒಣಾ ಕಾಳು ಹಾಕೂದಕ್ಕಿಂತ ಎಷ್ಟೋ ಪಾಲು ಮೇಲು. ಗದಗ, ಹಾವೇರಿದಾಗ ಇರೋರು ಆನ್‌ಲೈನ್ ಒಮ್ಮೆಲೆ ಇಪ್ಪತ್ನಾಕರ ಬಾಕ್ಸ್ ತರಿಸ್ತಾರ, ಸೋವಿ ಬೀಳ್ತೈತಿ ಖರೇ, ಮೊದ್ಲ ಎರಡು-ಮೂರು ಬಿಡಿ ಪೌಚ್ ತಿನ್ನಿಸಿ ನೋಡ್ರಿ, ಇಲ್ಲಾಂದ್ರ ಬೆಕ್ಕು ಮೂಸಿ ನೋಡಿ ಮುಚ್ಚಿ ಹಾಕೂವಂಗ ಕಾಲು ಕೆರದು ಹೋದ್ರ ಇಪ್ಪತ್ತೊಂದು ಪೌಚ್ ಓಣಿ ಬೆಕ್ಕಿಗೆ.

ಡಾಕ್ಟರ್ ಕೊಡೂ ಫುಡ್ ಇದರಾಗ ಹೋಲಸಬ್ಯಾಡ್ರಿ. ಕಿಡ್ನಿಯದ್ದಿರಲಿ, ಮೂತ್ರದ ಹಳ್ಳಿಂದಿರಲಿ, ಅದರಾಗ ಅಕ್ಕಿ, ಗೋವಿನಜೋಳ ಇದ್ರೂ ಅದನ್ನ ಕೊಡ್ರಿ. ಕಿಡ್ನಿ ಬೆಕ್ಕಿಗೆ ರಂಜಕ ಕಮ್ಮಿ ಬೇಕು, ಮಾಂಸ ತುಂಬಿದ ಗ್ರೇನ್-ಫ್ರೀ ಡಬ್ಬಿಯೊಳಗ ರಂಜಕ ಜಾಸ್ತಿನ ಇರೂದು. ಸಕ್ಕರಿ ಕಾಯಿಲೆ ಬೆಕ್ಕಿಗೆ ಕಾರ್ಬ್ ಕಮ್ಮಿ ವೆಟ್ ಫುಡ್ ಖರೇನ ಛಲೋ, ಆದ್ರ ಇನ್ಸುಲಿನ್ ನಡದಾಗ ನಮ್ಮ ಮನಸ್ಸಿಗೆ ಬಂದಂಗ ಒಮ್ಮೆಲೆ ಬದಲಿ ಮಾಡಿದ್ರ ಸಕ್ಕರಿ ತೀರಾ ಇಳದು ಜೀವಕ್ಕ ಕುತ್ತು, ಡಾಕ್ಟರ್ ಡೋಸ್ ಬದಲಿ ಮಾಡಿದ ಮ್ಯಾಲ ಫುಡ್.

ಬದಲಿ ಮಾಡೂದು ಯಾವ್ದಾದ್ರೂ ವಾರ-ಹತ್ತು ದಿನ ಹಿಡೀರಿ, ಹಳೇದ್ರಾಗ ಹೊಸಾದು ಚಮಚದಷ್ಟು ಕಲಸಿ ದಿನಾ ಸ್ವಲ್ಪ ಏರಸಗೋತ ಹೋಗ್ರಿ. ಹಸದ್ರ ತಾನ ತಿಂತೈತಿ ಅಂತ ಹಠಕ್ಕ ಬೀಳಬ್ಯಾಡ್ರಿ, ದಪ್ಪ ಬೆಕ್ಕು ಎರಡು-ಮೂರು ದಿನ ಉಪಾಸ ಇದ್ರ ಲಿವರಿನ್ಯಾಗ ಕೊಬ್ಬು ತುಂಬಿ ಪ್ರಾಣಕ್ಕ ಬರ್ತೈತಿ. ಫ್ರಿಜ್ಜಿಂದ ತಗದ ತಣ್ಣಂದ ಹಾಕಿದ್ರ ಮೂಸಂಗಿಲ್ಲ, ಬಟ್ಟಲ ಬಿಸಿನೀರಾಗ ಇಟ್ಟು ಮೈ ಬಿಸಿಯಷ್ಟು ಮಾಡ್ರಿ, ವಾಸನಿ ಎದ್ದ ಕೂಡ್ಲೆ ಬರ್ತೈತಿ. ತಗದ ಡಬ್ಬಿ ಮುಚ್ಚಿ ಫ್ರಿಜ್ಜಿನ್ಯಾಗ ಇಟ್ರ ಎರಡು ದಿನ, ಕರೆಂಟ್ ಹೋಗಿ ಬಂದು ಮಾಡಿದ ದಿನ ಇದ್ರ ಅಷ್ಟೂ ಕಾಯಬ್ಯಾಡ್ರಿ. ತಾಟಿನ್ಯಾಗ ಹಾಕಿದ್ದು ಬ್ಯಾಸಗಿಯೊಳಗ ತಾಸಿನ ಮ್ಯಾಲ ಬಿಡಬ್ಯಾಡ್ರಿ, ಹುಳಿ ಆಗೂಕಿಂತ ಮೊದ್ಲ ಕೆಂಪಿರಿವಿ ಬರ್ತಾವ, ತಾಟನ್ನ ಅಗಲ ಪರಾತದಾಗ ನೀರು ಹಾಕಿ ನಡಬರಕ ಇಟ್ರ ಅವು ದಾಟಂಗಿಲ್ಲ.